ದರ ಏರಿಸದೇ ದರ ಏರಿಸುವುದು ಹೇಗೆ? ಒಂದು ಪ್ಯಾಸೆಂಜರ್ ರೈಲಿನ ಕಥೆ

[ದೃಶ್ಯ: ಬೆಳಗಿನ ಜಾವ, ಬಿಡದಿ ಸ್ಟೇಷನ್. ಟಿಕೆಟ್ ಕೌಂಟರ್ ಮುಂದೆ ಸಾಲು.]

ನಮಸ್ಕಾರ. ಬಿಡದಿಯಿಂದ ಬೆಂಗಳೂರಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗಲು 10 ರೂಪಾಯಿ ಸಾಕು. ಒಂದು ಪ್ಲೇಟ್ ತಟ್ಟೆ ಇಡ್ಲಿಗಿಂತ ಅಗ್ಗ. ಆದರೆ ಕೊರೊನಾ ಬಂದ ಮೇಲೆ ಸುಮಾರು ಮೂರು ವರ್ಷ ಇದೇ ಟಿಕೆಟ್‌ಗೆ ಜನ 30 ರೂಪಾಯಿ ಕೊಟ್ಟರು. ಅದೇ ಹಳಿ, ಅದೇ ಸ್ಟೇಷನ್‌ಗಳು, ಅದೇ ಮರದ ಹಲಗೆಯಂಥ ಸೀಟು. ಹೋಗಿ ಬರುವುದಕ್ಕೆ 20 ಇದ್ದದ್ದು 60 ಆಯಿತು. ತಿಂಗಳಿಗೆ 25 ದಿನ ಅಂತ ಲೆಕ್ಕ ಹಾಕಿ. 500 ಇದ್ದದ್ದು 1500!

ವಿಚಿತ್ರ ಏನು ಗೊತ್ತಾ? ದರ ಏರಿಸಿದ್ದೇವೆ ಅಂತ ಯಾವ ಬಜೆಟ್‌ನಲ್ಲೂ ಯಾರೂ ಹೇಳಿರಲಿಲ್ಲ.

ಹಾಗಾದರೆ ಆಗಿದ್ದೇನು? ಹೆಸರು ಬದಲಾಯಿತು, ಅಷ್ಟೇ. ರೈಲ್ವೆಯಲ್ಲಿ 'ಆರ್ಡಿನರಿ'ಗೆ ಒಂದು ದರ, 'ಮೇಲ್-ಎಕ್ಸ್‌ಪ್ರೆಸ್'ಗೆ ಇನ್ನೊಂದು. ಮೊದಲನೆಯದರಲ್ಲಿ ಕನಿಷ್ಠ ಟಿಕೆಟ್ 10, ಎರಡನೆಯದರಲ್ಲಿ 30. 2020ರ ಮಾರ್ಚ್‌ನಲ್ಲಿ ರೈಲುಗಳೆಲ್ಲ ನಿಂತವು. ಮತ್ತೆ ಶುರುವಾದಾಗ ಪ್ಯಾಸೆಂಜರ್ ರೈಲುಗಳು 'ಎಕ್ಸ್‌ಪ್ರೆಸ್ ಸ್ಪೆಷಲ್' ಆಗಿ ಬಂದವು. ಸಾರಿಗೆ ಬಸ್ಸಿಗೆ ರಾಜಹಂಸ ಅಂತ ಬೋರ್ಡ್ ಹಾಕಿ, ರಾಜಹಂಸದ ದುಡ್ಡು ಕೇಳಿದ ಹಾಗೆ. ಬಸ್ಸು ಮಾತ್ರ ಕೈ ತೋರಿಸಿದ ಕಡೆಯೆಲ್ಲ ನಿಲ್ಲುತ್ತದೆ.

[ತೆರೆಯ ಮೇಲೆ: 0 6 _ _ _]

ಈ ಹೆಸರಾಟ ರೈಲಿನ ನಂಬರ್‌ನಲ್ಲೇ ಕಾಣುತ್ತದೆ. ಐದು ಅಂಕಿಯ ನಂಬರ್‌ನಲ್ಲಿ ಮೊದಲನೆಯದನ್ನು ನೋಡಿ. 1 ಅಥವಾ 2 ಇದ್ದರೆ ದೂರದ ಎಕ್ಸ್‌ಪ್ರೆಸ್. 5 ಇದ್ದರೆ ಪ್ಯಾಸೆಂಜರ್, 6 ಇದ್ದರೆ ಮೆಮು (ಕರೆಂಟಿನಲ್ಲಿ ಓಡುವ ಹತ್ತಿರದ ರೈಲು), 7 ಇದ್ದರೆ ಡೆಮು (ಡೀಸೆಲ್‌ನಲ್ಲಿ ಓಡುವಂಥದ್ದು). ಸೊನ್ನೆ ಇದ್ದರೆ ಸ್ಪೆಷಲ್. ದಿನಾ ಅದೇ ಹೊತ್ತಿಗೆ ಓಡುವ ರೈಲು ವರ್ಷಗಟ್ಟಲೆ 'ಸ್ಪೆಷಲ್' ಹೇಗಾಗುತ್ತದೆ ಅಂತ ಕೇಳಬೇಡಿ, ನನಗೂ ನಗು ಬರುತ್ತದೆ.

2021ರ ಫೆಬ್ರವರಿಯಲ್ಲಿ ರೈಲ್ವೆ ಇಲಾಖೆ ಒಂದು ಕಾರಣ ಕೊಟ್ಟಿತು. ಅನಗತ್ಯ ಪ್ರಯಾಣ ತಡೆಯಲು ದರ ಸ್ವಲ್ಪ ಜಾಸ್ತಿ ಇಟ್ಟಿದ್ದೇವೆ ಅಂತ. ಸೋಂಕು ಹರಡುತ್ತಿದ್ದ ಕಾಲ, ಒಪ್ಪೋಣ. ಆದರೆ ಬಂಗಾರಪೇಟೆಯಿಂದ ಫ್ಯಾಕ್ಟರಿ ಕೆಲಸಕ್ಕೆ ಬರುವವರು, ತುಮಕೂರಿನಿಂದ ಯಶವಂತಪುರಕ್ಕೆ ತರಕಾರಿ ತರುವವರು ಸುಮ್ನೆ ಊರು ಸುತ್ತಲು ಹೊರಟವರಾ? ಅದೇ ವರ್ಷ ನವೆಂಬರ್‌ನಲ್ಲಿ ದೂರದ ರೈಲುಗಳ 'ಸ್ಪೆಷಲ್' ಪಟ್ಟ ತೆಗೆದರು, ಹಳೆಯ ದರ ಬಂತು. ಹತ್ತಿರದ ರೈಲುಗಳಿಗೆ ಬರಲಿಲ್ಲ. ಅವು ಕಾದದ್ದು 2024ರ ಫೆಬ್ರವರಿ ಕೊನೆಯವರೆಗೆ. ಮುಂದಿನ ತಿಂಗಳೇ ಲೋಕಸಭಾ ಚುನಾವಣೆ ಘೋಷಣೆಯಾಯಿತು. ಕಾಕತಾಳೀಯ ಇರಬಹುದು!

ಇದರ ಪಕ್ಕದಲ್ಲಿ ಘೋಷಣೆ ಮಾಡಿ ಏರಿಸಿದ ದರವನ್ನು ಇಟ್ಟು ನೋಡಿ. 2025ರ ಜುಲೈನಲ್ಲಿ ಎಸಿ ಇಲ್ಲದ ಮೇಲ್-ಎಕ್ಸ್‌ಪ್ರೆಸ್ ಟಿಕೆಟ್ ಕಿಲೋಮೀಟರ್‌ಗೆ 1 ಪೈಸೆ ಏರಿತು. 400 ಕಿಲೋಮೀಟರ್ ಹೋದರೆ 4 ರೂಪಾಯಿ. ಟೀವಿಯಲ್ಲಿ ಇಡೀ ದಿನ ಅದೇ ಸುದ್ದಿ. ಮೂರು ಪಟ್ಟು ಆದಾಗ ಇಷ್ಟು ಸದ್ದು ಇರಲಿಲ್ಲ.

ಸದ್ದಿಲ್ಲದೆ ಆದದ್ದು ಇನ್ನೂ ಒಂದಿದೆ. 60 ದಾಟಿದ ಗಂಡಸರಿಗೆ ಶೇ. 40, 58 ದಾಟಿದ ಹೆಂಗಸರಿಗೆ ಶೇ. 50 ರಿಯಾಯಿತಿ ಇತ್ತು. 2020ರ ಮಾರ್ಚ್‌ನಲ್ಲಿ ಅದು ಹೋಯಿತು. ಇದು ವಯಸ್ಸಾದ ಹೆಂಗಸರಿಗೆ ಟಿಕೆಟ್ ಸರಿಯಾಗಿ ಎರಡು ಪಟ್ಟು ಆದ ಹಾಗೆ.

ಆಮೇಲೆ 'ಸೂಪರ್‌ಫಾಸ್ಟ್'. ವೇಳಾಪಟ್ಟಿಯ ಪ್ರಕಾರ ಸರಾಸರಿ ವೇಗ ಗಂಟೆಗೆ 55 ಕಿಲೋಮೀಟರ್ ಇದ್ದರೆ ಈ ಪಟ್ಟ ಸಿಗುತ್ತದೆ, ಸೆಕೆಂಡ್ ಕ್ಲಾಸ್ ಟಿಕೆಟ್‌ಗೂ 15 ರೂಪಾಯಿ ಸೇರುತ್ತದೆ. ಆ ದಿನ ರೈಲು ನಿಜವಾಗಿ ಎಷ್ಟು ವೇಗವಾಗಿ ಓಡಿತು ಅನ್ನುವುದು ಲೆಕ್ಕಕ್ಕಿಲ್ಲ. ಆ ವೇಗ ಮುಟ್ಟದ ರೈಲುಗಳಿಗೂ ಸರ್‌ಚಾರ್ಜ್ ವಸೂಲಿ ಮಾಡಿದ್ದೀರಿ ಅಂತ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯೇ ಹಿಂದೆ ಆಕ್ಷೇಪ ಎತ್ತಿತ್ತು.

[ದೃಶ್ಯ: ಲೂಪ್ ಲೈನಿನಲ್ಲಿ ನಿಂತ ಮೆಮು. ಪಕ್ಕದ ಹಳಿಯಲ್ಲಿ ವಂದೇ ಭಾರತ್ ಹಾದುಹೋಗುತ್ತದೆ.]

ಇನ್ನು ಲೇಟ್ ವಿಷಯ. ಸಿಂಗಲ್ ಲೈನ್ ಇರುವ ಕಡೆ ಕ್ರಾಸಿಂಗ್, ಅಂದರೆ ಎದುರಿನಿಂದ ಬರುವ ರೈಲಿಗೆ ದಾರಿ ಬಿಡುವುದು. ಡಬಲ್ ಲೈನ್ ಇರುವ ಕಡೆ ಓವರ್‌ಟೇಕ್, ಅಂದರೆ ಹಿಂದಿನಿಂದ ಬರುವ ರೈಲನ್ನು ಮುಂದೆ ಬಿಡುವುದು. ಎರಡರಲ್ಲೂ ಪಕ್ಕಕ್ಕೆ ಸರಿದು ನಿಲ್ಲುವುದು ಚಿಕ್ಕ ರೈಲೇ. ಮೈಸೂರು ಲೈನ್ ಡಬಲ್ ಮಾಡಲು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಇಡಿಯಾಗಿ ಎತ್ತಿ ನೂರು ಮೀಟರಿಗಿಂತ ಜಾಸ್ತಿ ದೂರ ಸರಿಸಿದರು. ಅಷ್ಟು ದೊಡ್ಡ ಕಟ್ಟಡ ಜಾಗ ಬಿಟ್ಟಿತು. ಯಾವ ರೈಲು ಮೊದಲು ಹೋಗಬೇಕು ಅನ್ನುವ ಕ್ರಮ ಮಾತ್ರ ಕದಲಲಿಲ್ಲ.

ರೈಲು ಟೈಮಿಗೆ ಬಂತೋ ಇಲ್ಲವೋ ಅಂತ ಲೆಕ್ಕ ಹಾಕುವುದು ಕೊನೆಯ ನಿಲ್ದಾಣದಲ್ಲಿ. ಅದಕ್ಕೇ ಕೊನೆಯ ಹತ್ತು ಕಿಲೋಮೀಟರ್‌ಗೆ ವೇಳಾಪಟ್ಟಿಯಲ್ಲಿ ಧಾರಾಳವಾಗಿ ಟೈಮ್ ಇಟ್ಟಿರುತ್ತಾರೆ. ನಡುವಿನ ಊರಿನಲ್ಲಿ ಇಪ್ಪತ್ತು ನಿಮಿಷ ಕಾದವರ ಲೇಟು ಆ ಲೆಕ್ಕಕ್ಕೆ ಸೇರುವುದಿಲ್ಲ.

ರೈಲ್ವೆಯ ಮಾತನ್ನೂ ಕೇಳೋಣ, ಅದರಲ್ಲೂ ಸತ್ಯ ಇದೆ. 100 ರೂಪಾಯಿ ಖರ್ಚಾಗುವ ಪ್ರಯಾಣಕ್ಕೆ ನಾವು 54 ರೂಪಾಯಿ ಮಾತ್ರ ತಗೊಳ್ಳುತ್ತೇವೆ ಅಂತ ಸಚಿವ ಅಶ್ವಿನಿ ವೈಷ್ಣವ್ 2024ರಲ್ಲಿ ಲೋಕಸಭೆಯಲ್ಲಿ ಹೇಳಿದರು. ಉಳಿದದ್ದನ್ನು ಬಹುಪಾಲು ಕಲ್ಲಿದ್ದಲು, ಅದಿರು, ಸಿಮೆಂಟ್ ಸಾಗಿಸುವ ಗೂಡ್ಸ್ ರೈಲುಗಳ ದುಡಿಮೆ ತುಂಬುತ್ತದೆ. 10 ರೂಪಾಯಿಯಲ್ಲಿ ಗಿಟ್ಟುವುದಿಲ್ಲ, ನಿಜ. ಹಾಗಿದ್ದರೆ 12 ಮಾಡಿ, 15 ಮಾಡಿ. ಹೇಳಿ ಮಾಡಿ. ದಿನಾ ಓಡಾಡುವವರು ಗೊಣಗಿಕೊಂಡಾದರೂ ಕೊಡುತ್ತಾರೆ. ರೈಲಿನ ಹೆಸರು ಬದಲಿಸಿ ಜೇಬಿಗೆ ಕೈ ಹಾಕಿದರೆ ಸಿಟ್ಟು ಬರದೇ ಇರುತ್ತದಾ?

ಪ್ಯಾಸೆಂಜರ್ ರೈಲುಗಳ ಮುಂದಿದ್ದ ಸೊನ್ನೆ ನೈರುತ್ಯ ರೈಲ್ವೆಯಲ್ಲಿ 2025ರ ಜನವರಿಯಿಂದ ಹೋಗಿದೆ. ನಾಳೆ ಬೆಳಿಗ್ಗೆ ನಿಮ್ಮ ರೈಲಿನ ನಂಬರ್ ನೋಡಿ. ಅದು ಯಾವ ಅಂಕಿಯಿಂದ ಶುರುವಾಗುತ್ತದೆ, ಟಿಕೆಟ್‌ಗೆ ಎಷ್ಟು ಕೊಟ್ಟಿರಿ, ಎಲ್ಲಿ ಎಷ್ಟು ಹೊತ್ತು ನಿಂತಿರಿ ಅಂತ ಕೆಳಗೆ ಬರೆಯಿರಿ. ಮುಂದಿನ ವಿಡಿಯೋದಲ್ಲಿ ಆ ಪಟ್ಟಿಯನ್ನೇ ಓದುತ್ತೇನೆ.