ಗುಂಡಿಯಲ್ಲಿ ಸಿಕ್ಕ ಗಂಡು ಮ್ಯಾಮತ್‌ಗಳು

ಕೇಳುಗರಿಗೆ ನಮಸ್ಕಾರ. ಮ್ಯಾಮತ್ ಎಂದೊಡನೆ ಸೈಬೀರಿಯದ ಹೆಪ್ಪುಗಟ್ಟಿದ ನೆಲ, ಮೈತುಂಬ ಕೂದಲಿನ ದೈತ್ಯ ಆನೆ ಕಣ್ಣಮುಂದೆ ಬರುತ್ತದೆ. ಇವತ್ತು ನಾನು ಹೇಳಹೊರಟಿರುವುದು ಬೇರೆ ಜಾಗದ ಕಥೆ. ಅಮೆರಿಕದ ದಕ್ಷಿಣ ಡಕೋಟ ರಾಜ್ಯದ ಹಾಟ್ ಸ್ಪ್ರಿಂಗ್ಸ್ ಎಂಬ ಊರಿನದು.

1974ರಲ್ಲಿ ಅಲ್ಲಿ ಮನೆಗಳನ್ನು ಕಟ್ಟಲೆಂದು ದಿಬ್ಬವೊಂದನ್ನು ಸಮತಟ್ಟು ಮಾಡುತ್ತಿದ್ದಾಗ ಮೂಳೆಗಳು ಮೇಲೆ ಬಂದವು. ಮನೆಗಳು ಏಳಲಿಲ್ಲ. ಲ್ಯಾರಿ ಏಗನ್‌ಬ್ರಾಡ್ ಎಂಬ ವಿಜ್ಞಾನಿಯ ಮುಂದಾಳ್ತನದಲ್ಲಿ ಅಗೆತ ಶುರುವಾಯಿತು. ದಶಕಗಳೇ ಕಳೆದರೂ ಅದು ಗುಂಡಿಯ ತಳ ಮುಟ್ಟಿಲ್ಲ!

ಹೌದು, ಅದೊಂದು ಗುಂಡಿ. ಒಂದು ಕಾಲಕ್ಕೆ ನೆಲ ಕುಸಿದು, ಅಡಿಯಿಂದ ಬೆಚ್ಚನೆ ನೀರು ಉಕ್ಕಿ ಕೊಳವಾಗಿತ್ತು. ನೀರಿಗೋ ಹಸಿರಿಗೋ ಇಳಿದ ಪ್ರಾಣಿಗೆ ಆ ಕಡಿದಾದ, ಜಾರುವ ದಡ ಹತ್ತಲಾಗಲಿಲ್ಲ. ಸತ್ತವುಗಳ ಮೇಲೆ ಹೂಳು ಕೂತಿತು.

ಇಲ್ಲಿನ ಮೂಳೆ ಕಲ್ಲಾಗಿಲ್ಲ, ಒರಟಾಗಿ ಮುಟ್ಟಿದರೆ ಪುಡಿಯಾದೀತು. ಆದ್ದರಿಂದ ಹಾರೆ ಗುದ್ದಲಿಗೆ ಕೆಲಸ ಕಡಿಮೆ. ಪುಟ್ಟ ಕರಣೆ, ಕುಂಚಗಳದೇ ದುಡಿಮೆ. ತೆಗೆದ ಮಣ್ಣನ್ನೂ ಜರಡಿ ಹಿಡಿಯುತ್ತಾರೆ, ಇಲಿಯಂಥ ಸಣ್ಣ ಜೀವಿಯ ಹಲ್ಲು ಕೂಡ ತಪ್ಪಬಾರದೆಂದು. ಯಾವ ಮೂಳೆ ಎಷ್ಟು ಆಳದಲ್ಲಿ, ಯಾವ ದಿಕ್ಕಿಗೆ ಬಿದ್ದಿತ್ತು ಎಂಬುದನ್ನು ನಕ್ಷೆಗಿಳಿಸುತ್ತಾರೆ. ಬೇರೆಡೆ ಗೋಣಿಬಟ್ಟೆ, ಪ್ಲಾಸ್ಟರ್ ಸುತ್ತಿ ಮೂಳೆಯನ್ನು ಸಾಗಿಸುವುದೇ ರೂಢಿ. ಇಲ್ಲಿ ಗುಂಡಿಯ ಮೇಲೆಯೇ ಕಟ್ಟಡ ಎಬ್ಬಿಸಿ, ಬಹಳಷ್ಟನ್ನು ಬಿದ್ದಲ್ಲೇ ಉಳಿಸಿದ್ದಾರೆ. ನನಗಂತೂ ಇದೇ ಸರಿ ಎನಿಸುತ್ತದೆ.

ಚೆಲ್ಲಾಪಿಲ್ಲಿಯಾದ ಮೂಳೆಗಳಲ್ಲಿ ತಲೆ ಎಣಿಸುವುದು ಹೇಗೆ? ದಂತಗಳನ್ನು ಎಣಿಸಿ ಎರಡರಿಂದ ಭಾಗಿಸುವುದು, ಅಷ್ಟೇ! ಲೆಕ್ಕ ಅರವತ್ತು ದಾಟಿದೆ. ಮೂರು ಮಾತ್ರ ಕೂದಲಿನ ಮ್ಯಾಮತ್, ಉಳಿದವು ಅದಕ್ಕಿಂತ ದೊಡ್ಡದಾದ ಕೊಲಂಬಿಯನ್ ಜಾತಿ.

ಇನ್ನು ಸೊಂಟದ ಮೂಳೆ ನೋಡಿದರೆ ಗಂಡೋ ಹೆಣ್ಣೋ ತಿಳಿಯುತ್ತದೆ. ನೋಡಿದವೆಲ್ಲ ಹೆಚ್ಚುಕಡಿಮೆ ಗಂಡೇ, ಅದರಲ್ಲೂ ಹರೆಯದವು! ಈಗಿನ ಆನೆಗಳಲ್ಲಿ ಹಿರಿಯ ಹೆಣ್ಣಾನೆ ಹಿಂಡನ್ನು ನಡೆಸುತ್ತದೆ. ಬೆಳೆದ ಗಂಡುಮರಿ ಹಿಂಡು ಬಿಟ್ಟು ತಿರುಗುತ್ತದೆ. ಮ್ಯಾಮತ್‌ಗಳದೂ ಅದೇ ಬಾಳು ಇದ್ದಿರಬೇಕು, ಎಚ್ಚರಿಸುವ ಹಿರಿಯರಿಲ್ಲದ ಪುಂಡರೇ ಗುಂಡಿಗೆ ಬಿದ್ದಿರಬೇಕು ಎಂಬುದು ವಿಜ್ಞಾನಿಗಳ ಊಹೆ. ಪ್ರದರ್ಶನಕ್ಕೆ ಒಂದು ಅಸ್ಥಿಪಂಜರ ಸಾಕೆಂದು ಅಗೆತ ನಿಲ್ಲಿಸಿದ್ದರೆ ಈ ಸುಳಿವು ಸಿಗುತ್ತಿತ್ತೇ? ಮೂಳೆಗಳು ಬೇರೆ ಬೇರೆ ಪದರಗಳಲ್ಲಿರುವುದರಿಂದ ಇವೆಲ್ಲ ಒಂದೇ ದಿನ ಸತ್ತವಲ್ಲ ಎಂಬುದೂ ಖಚಿತ.

ಕಾಲದ ಲೆಕ್ಕ ಮಾತ್ರ ತಲೆಕೆಳಗಾಯಿತು. ಮೊದಲು ಸುಮಾರು 26,000 ವರ್ಷ ಹಿಂದಿನವು ಎಂದುಕೊಂಡಿದ್ದರು. ಆದರೆ ಸತ್ತ ಜೀವಿಯಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆದು ವಯಸ್ಸು ಹೇಳುವ ರೇಡಿಯೋ ಕಾರ್ಬನ್ ವಿಧಾನದ ಕೈ 50,000 ವರ್ಷಗಳ ಆಚೆಗೆ ಹೆಚ್ಚು ಚಾಚದು. ಸುತ್ತಲಿನ ಹೂಳನ್ನೇ ಪರೀಕ್ಷಿಸಿದ ಮೇಲೆ ಈಗ ಹೇಳುತ್ತಿರುವುದು 1,40,000 ವರ್ಷಕ್ಕೂ ಹಿಂದೆ ಎಂದು. ಮೂಳೆಯ ಜೊತೆಗೆ ಅದರ ಮಣ್ಣನ್ನೂ ಪದರ ಕೆಡದಂತೆ ಕಾಯ್ದುಕೊಂಡಿದ್ದರಿಂದ ಈ ತಿದ್ದುಪಡಿ ಸಾಧ್ಯವಾಯಿತು.