ಕ್ಯಾಂಟರ್ ಕಲಿಯುವಾಗ ಕೈಯೇಕೆ ಬಿಗಿಯುತ್ತದೆ?

ಕೇಳುಗರಿಗೆ ನಮಸ್ಕಾರ.

ಮುಂಬೈ ಕನ್ನಡಿಗರ ಮನೆಗಳಲ್ಲಿ ಮಕ್ಕಳನ್ನು ಭರತನಾಟ್ಯಕ್ಕೋ ಈಜಿಗೋ ಕಳಿಸುವುದು ಹೊಸದಲ್ಲ. ಈಗ ಕೆಲವರು ಕುದುರೆ ಸವಾರಿಗೂ ಕಳಿಸುತ್ತಾರೆ. ಬೆಳಿಗ್ಗೆ ಆರು ಗಂಟೆಗೆ ಮಗುವನ್ನು ಬಿಡಲು ಬಂದ ಅಪ್ಪನೋ ಅಮ್ಮನೋ ಬೇಲಿ ಪಕ್ಕ ನಿಂತು ನೋಡುತ್ತಾರೆ. ನೋಡಿ ನೋಡಿ ಒಂದು ದಿನ ತಾವೇ ಹೆಲ್ಮೆಟ್ ಹಾಕಿಕೊಂಡು ಹತ್ತಿಬಿಡುತ್ತಾರೆ. ಇವತ್ತು ನಾನು ಮಾತಾಡುವುದು ಹೆಚ್ಚಾಗಿ ಇವರಿಗಾಗಿ. ಮಕ್ಕಳಿಗೆ ನನ್ನ ಮಾತು ಅಷ್ಟಾಗಿ ಬೇಕಾಗಿಲ್ಲ. ಅವರ ತಲೆಯಲ್ಲಿ ಮನೆ ಸಾಲದ ಕಂತು, ಸೋಮವಾರದ ಮೀಟಿಂಗ್, ಸೊಂಟನೋವು ಇವೇನೂ ಇರುವುದಿಲ್ಲ. ನಲವತ್ತು ದಾಟಿದವರ ತಲೆಯಲ್ಲಿ ಇದೆಲ್ಲ ಇರುತ್ತದೆ, ಅಲ್ವಾ?

ಮೊದಲ ಕೆಲವು ತಿಂಗಳು ಖುಷಿಯಾಗಿಯೇ ಕಳೆಯುತ್ತವೆ. ಕುದುರೆಯ ನಡಿಗೆ ಒಗ್ಗುತ್ತದೆ. ಟ್ರಾಟ್‌ನಲ್ಲಿ, ಅಂದರೆ ನಡಿಗೆಗಿಂತ ಬೇಗದ ಕುಲುಕು ಓಟದಲ್ಲಿ, ಎದ್ದು ಕೂರುವುದು ಅಭ್ಯಾಸವಾಗುತ್ತದೆ. ಆಮೇಲೆ ಒಂದು ದಿನ ಕಲಿಸುವವರು ಕ್ಯಾಂಟರ್ ಅನ್ನುತ್ತಾರೆ, ಅಂದರೆ ಟ್ರಾಟ್‌ಗಿಂತ ಬೇಗದ, ನೆಗೆಯುವಂಥ ಓಟ. ಅಲ್ಲಿಗೆ ಜೀವ ಬಾಯಿಗೆ ಬರುತ್ತದೆ.

ಅಷ್ಟೊಂದು ಹೆದರಿಕೆ ಯಾಕೆ? ವೇಗ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಲೆಕ್ಕ ನೋಡಿ. ಟ್ರಾಟ್‌ನಲ್ಲಿ ಕುದುರೆ ಗಂಟೆಗೆ ಸುಮಾರು 13 ಕಿಲೋಮೀಟರ್ ಹೋಗುತ್ತದೆ. ಕ್ಯಾಂಟರ್‌ನಲ್ಲಿ 16ರಿಂದ 24. ಕಲಿಯುವ ಮೈದಾನದಲ್ಲಿ ಅದಕ್ಕಿಂತ ಕಡಿಮೆಯೂ ಇರಬಹುದು. ಹೆದರಿಸುವುದು ಆ ವೇಗ ಅಲ್ಲ, ಲಯ ಬದಲಾಗುವ ಆ ಒಂದು ಕ್ಷಣ. ಹಿಂದಿನ ಒಂದು ಕಾಲು ನೆಲವನ್ನು ಒತ್ತುತ್ತದೆ. ಕುದುರೆಯ ಮುಂಭಾಗ ಮೇಲೇಳುತ್ತದೆ. ನಮ್ಮ ಮೈ ಒಂದು ಚೂರು ಹಿಂದೆ ಉಳಿಯುತ್ತದೆ. ಬಿದ್ದೆ ಅಂತ ಅನಿಸುವುದು ಆಗಲೇ.

ಬಿದ್ದೆ ಅನಿಸಿದಾಗ ಮನುಷ್ಯನ ಮೈ ಏನು ಮಾಡುತ್ತದೆ? ಮುದುಡಿಕೊಳ್ಳುತ್ತದೆ. ಭುಜ ಮುಂದೆ ಬಾಗುತ್ತದೆ, ಮಂಡಿ ಬಿಗಿಯುತ್ತದೆ, ಹಿಮ್ಮಡಿ ಮೇಲೇಳುತ್ತದೆ, ಕೈ ಲಗಾಮನ್ನು ಜಗ್ಗುತ್ತದೆ. ಇದನ್ನು ಯಾರೂ ಬೇಕಂತ ಮಾಡುವುದಿಲ್ಲ, ತಾನಾಗಿ ಆಗುತ್ತದೆ. ತಮಾಷೆ ಏನೆಂದರೆ, ಕುದುರೆಯ ಮೇಲೆ ಇದರಲ್ಲಿ ಒಂದೂ ಉಪಯೋಗಕ್ಕೆ ಬರುವುದಿಲ್ಲ. ಮಂಡಿಯಿಂದ ಜೀನನ್ನು ಅದುಮಿದಷ್ಟೂ ನಮ್ಮ ಆಸನ ಜೀನಿನಿಂದ ಮೇಲಕ್ಕೆ ತಳ್ಳಿಕೊಂಡು ಬರುತ್ತದೆ. ಮೇಲೆದ್ದ ಹಿಮ್ಮಡಿ ಕುದುರೆಯ ಹೊಟ್ಟೆಗೆ ತಾಗುತ್ತದೆ. ಅದಕ್ಕೆ ಅದರ ಅರ್ಥ, ಇನ್ನೂ ಬೇಗ ಹೋಗು ಅಂತ. ಅದೇ ಹೊತ್ತಿಗೆ ಕೈ ಹಿಂದಕ್ಕೆ ಜಗ್ಗುತ್ತಿರುತ್ತದೆ. ಕಾಲು ಹೋಗು ಅನ್ನುತ್ತದೆ, ಕೈ ನಿಲ್ಲು ಅನ್ನುತ್ತದೆ. ಪಾಪ, ಆ ಪ್ರಾಣಿ ಯಾರ ಮಾತು ಕೇಳಬೇಕು?

ಮುಂಬೈ, ಪುಣೆಯಲ್ಲಿ ಈ ಗೋಜಲಿಗೆ ಇನ್ನೂ ಒಂದು ಎಳೆ ಸೇರುತ್ತದೆ. ಇಲ್ಲಿ ಸವಾರಿ ಕಲಿಸುವ ಕುದುರೆಗಳಲ್ಲಿ ಬಹಳಷ್ಟು ರೇಸ್‌ನಿಂದ ನಿವೃತ್ತಿಯಾದವು. ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸ್ 1883ರಷ್ಟು ಹಳೆಯದು. ಪುಣೆಯ ರೇಸ್‌ಕೋರ್ಸ್ ಅದಕ್ಕೂ ಹಿಂದಿನದು. ಓಟ ಮುಗಿಸಿದ ಕುದುರೆಗಳು ಸವಾರಿ ಶಾಲೆಗೆ ಬರುವುದು ಇಲ್ಲಿ ಮಾಮೂಲು. ರೇಸ್ ಕುದುರೆಗೆ ಓಡುವಾಗ ಜಾಕಿಯ ಕೈ ಬಿಗಿಯಾಗಿರುವುದು ರೂಢಿ. ಆ ಬಿಗಿಗೆ ಬಾಯಿಯ ಭಾರ ಹಾಕಿ ಅದು ಮುನ್ನುಗ್ಗುತ್ತದೆ. ಹೆದರಿದ ಹೊಸಬರು ಲಗಾಮು ಜಗ್ಗಿ ಹಿಡಿದರೆ, ಹಳೆಯ ರೇಸ್ ಕುದುರೆಗೆ ಅದು ಬ್ರೇಕ್ ಅಂತ ಅನಿಸದೇ ಇರಬಹುದು. ಚೆನ್ನಾಗಿ ಮರುತರಬೇತಿ ಪಡೆದ ಕುದುರೆ ಹೀಗೆ ಮಾಡುವುದಿಲ್ಲ. ಹಾಗಾಗಿ ಮೊದಲ ಕ್ಯಾಂಟರ್‌ಗೆ ಯಾವ ಕುದುರೆ ಕೊಡುತ್ತೀರಿ ಅಂತ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ಕುದುರೆ ನೋಡಿಕೊಳ್ಳುವ ಸಾಯೀಸ್‌ಗಳನ್ನೂ ವಿಚಾರಿಸಿ. ಯಾವ ಕುದುರೆಯ ಸ್ವಭಾವ ಹೇಗೆ ಅಂತ ಅವರಷ್ಟು ಬಲ್ಲವರು ಇನ್ಯಾರೂ ಇಲ್ಲ.

ಕಲಿಸುವವರು ಮೈದಾನದ ನಡುವೆ ನಿಂತು "ಹೆದರಬೇಡಿ, ರಿಲ್ಯಾಕ್ಸ್ ಆಗಿ" ಅಂತ ಕೂಗುವುದುಂಟು. ಇದರಿಂದ ಯಾರಿಗೂ ಧೈರ್ಯ ಬಂದಿದ್ದನ್ನು ನಾನು ನೋಡಿಲ್ಲ. ಮೈ ತೂಕ ತಪ್ಪುತ್ತಿರುವಾಗ ಮನಸ್ಸು ಹೆದರುವುದು ಸರಿಯಾಗಿಯೇ ಇದೆ. ಮೊದಲು ಮೈಗೆ ಸಮತೋಲನ ಸಿಗಬೇಕು. ಧೈರ್ಯ ಆಮೇಲೆ, ತಡವಾಗಿ, ತನ್ನಷ್ಟಕ್ಕೆ ಬರುತ್ತದೆ.

ಸಮತೋಲನ ಸಿಗುವ ಜಾಗ ಲಂಜ್. ಕಲಿಸುವವರು ಉದ್ದನೆಯ ಹಗ್ಗ ಹಿಡಿದು ನಡುವೆ ನಿಲ್ಲುತ್ತಾರೆ. ಕುದುರೆ ಅವರ ಸುತ್ತ ಸುಮಾರು 20 ಮೀಟರ್ ಅಗಲದ ವೃತ್ತದಲ್ಲಿ ಸುತ್ತುತ್ತದೆ. ವೇಗ, ದಿಕ್ಕು, ನಿಲ್ಲುವುದು ಎಲ್ಲ ಅವರ ಜವಾಬ್ದಾರಿ. ಸವಾರರಿಗೆ ಕೂರುವುದು ಬಿಟ್ಟರೆ ಬೇರೆ ಕೆಲಸ ಇಲ್ಲ. ಲಗಾಮನ್ನು ಗಂಟು ಹಾಕಿ ಬಿಡುತ್ತಾರೆ. ಕುದುರೆಯ ಕುತ್ತಿಗೆಗೆ ಒಂದು ಪಟ್ಟಿ ಕಟ್ಟಿರುತ್ತಾರೆ. ಹೆದರಿಕೆಯಾದರೆ ಅದನ್ನು ಹಿಡಿಯಬಹುದು. ಕುದುರೆಯ ಬಾಯಿಗೆ ನೋವಾಗುವುದಿಲ್ಲ, ನಮಗೂ ಹಿಡಿಯಲು ಏನೋ ಒಂದು ಇರುತ್ತದೆ.

ಮೊದಲು ನಡಿಗೆಯಲ್ಲಿ ಕೈ ಅಗಲಿಸಿ, ಸೊಂಟದಿಂದ ಎಡಕ್ಕೂ ಬಲಕ್ಕೂ ತಿರುಗಿ. ಆಮೇಲೆ ಅದನ್ನೇ ಟ್ರಾಟ್‌ನಲ್ಲಿ. ಸ್ವಲ್ಪ ಹೊತ್ತು ಸ್ಟಿರಪ್, ಅಂದರೆ ಪಾದ ಇಡುವ ಬಳೆ, ಬಿಟ್ಟು ಕಾಲು ಇಳಿಬಿಡಿ. ಕ್ಯಾಂಟರ್ ಬಂದಾಗ ಅರ್ಧ ಸುತ್ತು ಸಾಕು. ತಕ್ಷಣ ಟ್ರಾಟ್‌ಗೆ ವಾಪಸ್. ಮತ್ತೆ ಅರ್ಧ ಸುತ್ತು. ಇಷ್ಟು ಚಿಕ್ಕದಾಗಿ ಮಾಡುವುದಕ್ಕೆ ಕಾರಣ ಇದೆ. ಮೈ ಬಿಗಿಯಾಗುವುದರೊಳಗೆ ಕ್ಯಾಂಟರ್ ಮುಗಿದಿರುತ್ತದೆ. ಒಂದೇ ಸಮ ಐದು ಸುತ್ತು ಹೊಡೆಸಿದರೆ, ಕೊನೆಯ ಮೂರು ಸುತ್ತಿನಲ್ಲಿ ಮೈ ಕಲಿಯುವುದು ಬಿಗಿಯುವುದನ್ನೇ. ಲಂಜ್ ಅಂದರೆ ಚಿಕ್ಕ ಮಕ್ಕಳ ಪಾಠ ಅಂತ ಮೂಗು ಮುರಿಯುವವರಿದ್ದಾರೆ. ಯುರೋಪಿನ ಹಳೆಯ ಸವಾರಿ ಶಾಲೆಗಳಲ್ಲಿ ದೊಡ್ಡವರನ್ನೂ ಬಹಳ ಕಾಲ ಲಂಜ್ ಮೇಲೆಯೇ ಕೂರಿಸುತ್ತಾರೆ.

ಇನ್ನು ಲಯದ ಮಾತು. ಇದು ನನಗೆ ತುಂಬಾ ಇಷ್ಟದ ವಿಷಯ. ನಡಿಗೆಯಲ್ಲಿ ನಾಲ್ಕು ಕಾಲೂ ಬೇರೆ ಬೇರೆಯಾಗಿ ನೆಲ ಮುಟ್ಟುತ್ತವೆ, ತಕಧಿಮಿ. ಟ್ರಾಟ್‌ನಲ್ಲಿ ಎದುರುಬದುರು ಮೂಲೆಯ ಕಾಲುಗಳು ಜೋಡಿಯಾಗಿ ಬೀಳುತ್ತವೆ, ತಕ ತಕ. ಕ್ಯಾಂಟರ್ ಮೂರರ ಲಯ, ತಕಿಟ. ಬಲಕ್ಕೆ ತಿರುಗುವಾಗ ಮೊದಲು ಎಡ ಹಿಂಗಾಲು. ನಂತರ ಬಲ ಹಿಂಗಾಲು, ಎಡ ಮುಂಗಾಲು ಒಟ್ಟಿಗೆ. ಕೊನೆಗೆ ಬಲ ಮುಂಗಾಲು. ಆಮೇಲೆ ಒಂದು ಚಿಕ್ಕ ಬಿಡುವು. ಆ ಬಿಡುವಿನಲ್ಲಿ ಕುದುರೆಯ ನಾಲ್ಕು ಕಾಲೂ ಗಾಳಿಯಲ್ಲಿರುತ್ತವೆ. ಮುಂಬೈಯ ಮಾಟುಂಗದಲ್ಲಿ ಮೃದಂಗವನ್ನೋ, ಊರಲ್ಲಿ ಯಕ್ಷಗಾನದ ಚೆಂಡೆಯನ್ನೋ ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ತಕಿಟವನ್ನು ಬಾಯಿಬಿಟ್ಟು ಹೇಳಿ. ಗಟ್ಟಿಯಾಗಿ ಹೇಳಿ. ನಾಚಿಕೆಯಾದರೆ ಹೆಲ್ಮೆಟ್ ಒಳಗೆ ಯಾರಿಗೂ ಮುಖ ಕಾಣುವುದಿಲ್ಲ ಅಂದುಕೊಳ್ಳಿ. ಹೇಳುವುದರಿಂದ ಎರಡು ಲಾಭ. ಒಂದು, ಲಯಕ್ಕೆ ಸೊಂಟ ತಾನಾಗಿ ಸೇರಿಕೊಳ್ಳುತ್ತದೆ. ಎರಡು, ಮಾತಾಡಬೇಕಾದರೆ ಉಸಿರು ಬಿಡಲೇಬೇಕು. ಮೊದಲ ಕ್ಯಾಂಟರ್‌ನಲ್ಲಿ ಬಹಳ ಜನ ಉಸಿರು ಕಟ್ಟಿಕೊಂಡಿರುತ್ತಾರೆ. ಉಸಿರು ಕಟ್ಟಿದ ಮೈ ಮೆತ್ತಗಿರಲು ಸಾಧ್ಯವಿಲ್ಲ. ಕುದುರೆಯನ್ನೇ ನೋಡಿ. ಕ್ಯಾಂಟರ್‌ನಲ್ಲಿ ಅದು ಒಂದು ಹೆಜ್ಜೆಯ ಸುತ್ತಿಗೆ ಒಂದೇ ಉಸಿರಾಡುತ್ತದೆ. ಕಾಲಿನ ಲಯ, ಉಸಿರಿನ ಲಯ ಅದಕ್ಕೆ ಬೇರೆ ಬೇರೆ ಅಲ್ಲ. ಕಿವಿಗೊಟ್ಟರೆ ಆ ಸದ್ದು ಕೇಳುತ್ತದೆ.

ಮೈ ಮೆತ್ತಗಿರಬೇಕು ಅಂದರೆ ಜೋತುಬೀಳಬೇಕು ಅಂತಲ್ಲ. ಸಂಜೆಯ ಲೋಕಲ್ ರೈಲಿನಲ್ಲಿ ಹಿಡಿಕೆ ಸಿಗದೆ ನಿಂತಿದ್ದೀರಲ್ಲ, ಆಗ ಹೇಗಿರುತ್ತೀರಿ? ಬೆನ್ನು ನೆಟ್ಟಗೆ, ಪಾದ ಊರಿರುತ್ತದೆ, ಕಣಕಾಲು ಮತ್ತು ಮಂಡಿ ಸಡಿಲ. ಬೋಗಿ ಅಲುಗಾಡಿದಂತೆ ಸೊಂಟದಿಂದ ಕೆಳಗಷ್ಟೇ ಅಲುಗಾಡುತ್ತದೆ. ಮಂಡಿ ಸೆಟೆದು ನಿಂತವರು ಪಕ್ಕದವರ ಮೇಲೆ ಬೀಳುತ್ತಾರೆ. ಕ್ಯಾಂಟರ್‌ಗೆ ಬೇಕಾಗಿರುವುದೂ ಅಷ್ಟೇ. ಮುಂಬೈಯವರು ಇದನ್ನು ಆಗಲೇ ಕಲಿತಿದ್ದಾರೆ, ಕುದುರೆಯ ಮೇಲೆ ಮರೆತುಬಿಡುತ್ತಾರೆ.

ಕಣ್ಣು ಎಲ್ಲಿರಬೇಕು? ಕುದುರೆಯ ಕಿವಿಗಳ ನಡುವಿನಿಂದ ದೂರಕ್ಕೆ. ವೃತ್ತದಲ್ಲಿದ್ದರೆ ಸುತ್ತಿನ ಕಾಲು ಭಾಗದಷ್ಟು ಮುಂದಕ್ಕೆ. ಸರಿಯಾದ ಕಾಲು, ಅಂದರೆ ವೃತ್ತದ ಒಳಬದಿಯ ಮುಂಗಾಲು, ಮುಂದೆ ಬರುತ್ತಿದೆಯೋ ಇಲ್ಲವೋ ಅಂತ ಬಗ್ಗಿ ಕುದುರೆಯ ಭುಜ ನೋಡುವ ಚಟ ಎಲ್ಲರಿಗೂ ಇರುತ್ತದೆ. ತಲೆ ಭಾರವಾದ ವಸ್ತು. ಅದು ಬಗ್ಗಿದ ಕಡೆಗೆ ಮೈ ಹೋಗುತ್ತದೆ. ಕೆಲವು ದಿನ ತಪ್ಪು ಕಾಲಿನಲ್ಲಿ ಹೋದರೂ ಪರವಾಗಿಲ್ಲ, ಕಲಿಸುವವರು ನೋಡಿ ಹೇಳುತ್ತಾರೆ. ವೃತ್ತದ ಒಳಬದಿಯ ನಿಮ್ಮ ಸೊಂಟ ಒಂದು ಚೂರು ಮುಂದಿದೆ ಅನಿಸಿದರೆ ಸಾಮಾನ್ಯವಾಗಿ ಕಾಲು ಸರಿಯಾಗಿದೆ ಅಂತ ಅರ್ಥ.

ಲಂಜ್‌ನಿಂದ ಹೊರಬಂದ ಮೇಲೆ ಕ್ಯಾಂಟರ್ ಕೇಳುವ ರೀತಿಯೂ ಮುಖ್ಯ. ಮೂಲೆ ತಿರುಗುವ ಜಾಗ ಆರಿಸಿಕೊಳ್ಳಿ. ಟ್ರಾಟ್ ನಿಧಾನ ಮಾಡಿ, ಏಳದೆ ಕುಳಿತೇ ಇರಿ. ನಿಮ್ಮ ಹೊರಬದಿಯ ಕಾಲನ್ನು ಕುದುರೆಯ ಹೊಟ್ಟೆಗೆ ಕಟ್ಟುವ ಜೀನು ಪಟ್ಟಿಯ ಸ್ವಲ್ಪ ಹಿಂದೆ ಸರಿಸಿ, ಒಳಬದಿಯ ಕಾಲಿನಿಂದ ಮೆಲ್ಲಗೆ ಒತ್ತಿ. ಬರಲಿಲ್ಲವಾ? ಟ್ರಾಟ್ ಅನ್ನೇ ಜೋರು ಜೋರು ಮಾಡಿ ಕ್ಯಾಂಟರ್‌ಗೆ ಅಟ್ಟಬೇಡಿ. ಓಡುವ ಟ್ರಾಟ್‌ನಷ್ಟು ಕುಲುಕಿಸುವ ನಡೆ ಇನ್ನೊಂದಿಲ್ಲ. ನಿಧಾನ ಮಾಡಿ, ಮತ್ತೆ ಕೇಳಿ.

ಕುದುರೆ ಕಂಡರೆ ಕಾಲುನೋವು ಅಂತ ನಮ್ಮಲ್ಲಿ ಗಾದೆ ಇದೆಯಲ್ಲ, ಇಲ್ಲಿ ಕುದುರೆ ಇಳಿದ ಮೇಲೆ ನೋವು. ಇಡೀ ದಿನ ಕುರ್ಚಿಯಲ್ಲಿ ಕೂತವರ ಸೊಂಟದ ಕೀಲು ಗಡುಸಾಗಿರುತ್ತದೆ. ಊಟಕ್ಕೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿ. ಮೆಟ್ಟಿಲ ಅಂಚಿನಲ್ಲಿ ಬೆರಳೂರಿ ನಿಂತು ಹಿಮ್ಮಡಿ ಕೆಳಗಿಳಿಸಿ. ಇವೆರಡು ಸಾಕು.

ಕ್ಯಾಂಟರ್ ಅಂದರೆ ನುಗ್ಗುವುದು ಅಂದುಕೊಂಡವರಿಗೆ ಒಂದು ಮಾತು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ತಂಡ ಡ್ರೆಸಾಜ್‌ನಲ್ಲಿ, ಅಂದರೆ ಕುದುರೆಯನ್ನು ನಿಗದಿತ ಚಲನೆಗಳಲ್ಲಿ ನಡೆಸಿ ತೋರಿಸುವ ಸ್ಪರ್ಧೆಯಲ್ಲಿ, ಚಿನ್ನ ಗೆದ್ದಿತು. ಕುದುರೆ ಸವಾರಿಯಲ್ಲಿ 1982ರ ನಂತರ ನಮಗೆ ಬಂದ ಮೊದಲ ಚಿನ್ನ ಅದು. ಆ ತಂಡದಲ್ಲಿ ಮುಂಬೈಯ ಹೃದಯ್ ಛೇಡಾ ಇದ್ದರು. ಡ್ರೆಸಾಜ್‌ನಲ್ಲಿ ವೇಗಕ್ಕೆ ಅಂಕ ಇಲ್ಲ. ಕ್ಯಾಂಟರ್‌ನ ಲಯ ಎಷ್ಟು ಸಮವಾಗಿದೆ, ಸವಾರ ಎಷ್ಟು ನಿಶ್ಚಲವಾಗಿ ಕೂತಿದ್ದಾನೆ ಅಂತ ನೋಡುತ್ತಾರೆ.

ಮುಂಬೈ ಹತ್ತಿರದ ಗಿರಿಧಾಮ ಮಾಥೇರಾನ್‌ಗೆ ಹೋಗುವವರಿಗೂ ಒಂದು ವಿನಂತಿ. ಅಲ್ಲಿ ಪ್ರವಾಸಿಗರ ಕಾರು, ಬೈಕಿಗೆ ಅವಕಾಶವಿಲ್ಲ, ಕುದುರೆ ದಿನನಿತ್ಯದ ಸಾರಿಗೆ. ಸ್ವಲ್ಪ ಓಡಿಸಿ ಅಂತ ದಯವಿಟ್ಟು ಕೇಳಬೇಡಿ. ಕಲ್ಲು, ಇಳಿಜಾರು, ಎದುರಿಗೆ ನಡೆದು ಬರುವ ಜನ. ಮೊದಲ ಕ್ಯಾಂಟರ್ ಅಲ್ಲಿ ಆಗಬಾರದು.

ಗಲ್ಲದ ಪಟ್ಟಿ ಇರುವ ಸವಾರಿ ಹೆಲ್ಮೆಟ್ ಇಲ್ಲದೆ ಹತ್ತಲೇಬೇಡಿ. ಬೈಕಿನ ಹೆಲ್ಮೆಟ್ ಇದಕ್ಕೆ ಆಗುವುದಿಲ್ಲ. ಜೋರಾಗಿ ಪೆಟ್ಟು ಬಿದ್ದ ಹೆಲ್ಮೆಟ್ ನೋಡಲು ಚೆನ್ನಾಗಿದ್ದರೂ ಬದಲಿಸಿ. ಶೂಗೆ ಚಿಕ್ಕ ಹಿಮ್ಮಡಿ ಇರಲಿ. ಇಲ್ಲದಿದ್ದರೆ ಪಾದ ಸ್ಟಿರಪ್ ಒಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಕುದುರೆ ಹಿಡಿತ ತಪ್ಪಿ ಓಡಿದರೆ ಕಿರುಚಬೇಡಿ, ನೆಟ್ಟಗೆ ಕೂತು ದೊಡ್ಡ ವೃತ್ತಕ್ಕೆ ತಿರುಗಿಸಿ, ಆಮೇಲೆ ವೃತ್ತವನ್ನು ಚಿಕ್ಕದು ಮಾಡುತ್ತಾ ಬನ್ನಿ.

ಮಳೆಗಾಲದಲ್ಲಿ ಮುಂಬೈಯ ರೇಸ್ ನಿಂತು ಪುಣೆಯಲ್ಲಿ ಶುರುವಾಗುತ್ತದೆ. ಕಲಿಯುವವರಿಗೂ ಜೂನ್ ಬಂತೆಂದರೆ ಯೋಜನೆ ಬದಲಿಸಬೇಕು. ಒದ್ದೆ ಹುಲ್ಲಿನ ಮೇಲೆ ಕುದುರೆಯ ಲಾಳ ಜಾರುತ್ತದೆ, ಅಲ್ಲಿ ಕ್ಯಾಂಟರ್ ಬೇಡ. ಮರಳಿನ ಅಂಗಳ ಇದ್ದರೆ, ನೀರು ನಿಲ್ಲದಿದ್ದರೆ ಮಾತ್ರ ಮಾಡಿ. ಇಲ್ಲವೇ ಆ ತಿಂಗಳುಗಳಲ್ಲಿ ಲಂಜ್ ಮೇಲೆ ಸ್ಟಿರಪ್ ಬಿಟ್ಟು ನಿಧಾನ ಟ್ರಾಟ್ ಮಾಡಿ. ಅಕ್ಟೋಬರ್‌ನಲ್ಲಿ ನೆಲ ಒಣಗಿದಾಗ ಕ್ಯಾಂಟರ್ ಕೇಳಿ ನೋಡಿ.

ನಮಸ್ಕಾರ.