ಬೈಯುತ್ತಲೇ ಮುಗಿಸಿದವರು

ಎಲ್ಲರಿಗೂ ನಮಸ್ಕಾರ. ನನಗಿಂತ ಮೊದಲು ಮಾತಾಡಿದವರು ಗೇಮ್ ಮಾರುಕಟ್ಟೆಯ ಚಾರ್ಟುಗಳನ್ನೆಲ್ಲ ತೋರಿಸಿ, ಕೊನೆಗೆ ಆಟಗಾರರ ಅಭಿಪ್ರಾಯ ತಿಳಿಯೋಕೆ ರೇಟಿಂಗ್ ನೋಡಿದ್ರೆ ಸಾಕು ಅಂದರು. ನಾನು ಬರೆದುಕೊಂಡು ಬಂದದ್ದು ಬೇರೆ. ಆದರೆ ಆ ಮಾತು ಕೇಳಿದ ಮೇಲೆ ಸುಮ್ಮನೆ ಕೂರೋಕೆ ಆಗಲ್ಲ. ಒಂದೇ ಒಂದು ಆಟ ಇಟ್ಟುಕೊಂಡು ವಾದ ಮಾಡ್ತೇನೆ.

ಆಟದ ಹೆಸರು ಡೆಕ್ಸ್. ಜೆಕ್ ದೇಶದ ಪ್ರಾಗ್ ನಗರದ ಡ್ರೆಡ್‌ಲಾಕ್ಸ್ ಅನ್ನೋ ಸಣ್ಣ ತಂಡ ಮಾಡಿದ್ದು. 2013ರಲ್ಲಿ ಕಿಕ್‌ಸ್ಟಾರ್ಟರ್ ಅನ್ನೋ ಜಾಲತಾಣದಲ್ಲಿ ಜನರಿಂದ ಹಣ ಎತ್ತಿದರು, 2014ರಲ್ಲಿ ಅರ್ಧಂಬರ್ಧ ಆಟವನ್ನೇ ಸ್ಟೀಮ್ ಅನ್ನೋ ಆಟ ಮಾರೋ ಆನ್‌ಲೈನ್ ಅಂಗಡಿಯಲ್ಲಿ ಅರ್ಲಿ ಆಕ್ಸೆಸ್ ಅಂತ ಬಿಟ್ಟರು, 2015ರ ಮೇನಲ್ಲಿ ಪೂರ್ತಿ ಬಿಡುಗಡೆ. ಡೆಕ್ಸ್ ಅನ್ನೋ ನೀಲಿ ಕೂದಲಿನ ಹುಡುಗಿ, ಹಾರ್ಬರ್ ಪ್ರೈಮ್ ಅನ್ನೋ ನಿಯಾನ್ ದೀಪದ ನಗರ, ಬೆನ್ನು ಹತ್ತಿದ ಒಂದು ಗುಪ್ತ ಕೂಟ. ಎಡದಿಂದ ಬಲಕ್ಕೆ ಓಡೋ ಹಳೇ ಧಾಟಿಯ ಆಟವೇ. ಆದರೆ ಒಳಗೆ ಪೂರ್ತಿ ರೋಲ್ ಪ್ಲೇಯಿಂಗ್, ಅಂದರೆ ಪಾತ್ರವನ್ನ ನಾವೇ ಬೆಳೆಸಿಕೊಂಡು ಹೋಗೋ ಆಟ: ಮಾತು, ಕೌಶಲ, ಮೈಯೊಳಗೆ ಕೂರಿಸಿಕೊಳ್ಳೋ ಇಂಪ್ಲಾಂಟು, ಎಲ್ಲ ಇದೆ. ಇಷ್ಟು ಸಾಕು.

ಈ ಆಟದ ಬಗ್ಗೆ ಆಟಗಾರರು ಬರೆದದ್ದನ್ನ ಓದ್ತಾ ಹೋದರೆ ಎರಡು ದೂರು ಬಿಡದೆ ಎದುರಾಗ್ತವೆ. ಒಂದು, ಹೊಡೆದಾಟ ಕೈಗೆ ಹತ್ತಲ್ಲ. ಎರಡು, ಹ್ಯಾಕಿಂಗ್. ಬಟನ್ ಒತ್ತಿದರೆ ಡೆಕ್ಸ್‌ಳ ಮೈ ಅಲ್ಲೇ ನಿಲ್ಲುತ್ತೆ, ಒಂದು ಗುರುತು ಗಾಳಿಯಲ್ಲಿ ತೇಲ್ತಾ ಹೋಗಿ ಕ್ಯಾಮೆರಾ, ಗನ್ನುಗಳನ್ನ ಹಿಡಿಯಬೇಕು. ಅಷ್ಟರಲ್ಲಿ ವೈರಸ್‌ಗಳು ಸುತ್ತ ಮುತ್ತಿ ಗುಂಡು ಹಾರಿಸ್ತವೆ. ಕೆಲವರಿಗೆ ಇದೇ ಮಜಾ. ತುಂಬ ಜನಕ್ಕೆ ತಲೆನೋವು. ಸ್ಟೀಮ್‌ನಲ್ಲಿ ಅಭಿಪ್ರಾಯ ಬರೆಯೋವಾಗ ಇಷ್ಟವಾದರೆ ಹೆಬ್ಬೆರಳು ಮೇಲೆ, ಇಲ್ಲದಿದ್ದರೆ ಕೆಳಗೆ ಮಾಡ್ತಾರೆ. ಈ ಎರಡೂ ದೂರು ಹೆಬ್ಬೆರಳು ಕೆಳಗೆ ಮಾಡಿದವರದ್ದು ಮಾತ್ರ ಅಂದುಕೊಂಡಿರಾ? ಮೇಲೆ ಮಾಡಿದವರೂ ಅದನ್ನೇ ಬರೆದಿದ್ದಾರೆ!

ನನ್ನ ಅಕ್ಕನ ಮಗನ ಕಥೆ ಹೇಳಲೇಬೇಕು. ಮಳೆಗಾಲದ ರಜೆಗೆ ನಮ್ಮನೆಗೆ ಬಂದಿದ್ದ. ಲ್ಯಾಪ್‌ಟಾಪ್ ತೆಗೆದು ಇದನ್ನ ಶುರು ಮಾಡಿದ. ಒಂದು ಓಣಿಯಲ್ಲಿ ರೌಡಿಗಳು ಎದುರಾದರು. ಇವನು ಗುದ್ದಿದರೆ ಅವರು ತಡೀತಾರೆ, ಇವನು ಉರುಳಿ ತಪ್ಪಿಸಿಕೊಂಡರೆ ಹಿಂದಿನವನು ಹೊಡೀತಾನೆ, ಕೊನೆಗೆ ಗೋಡೆ ಮೂಲೆಗೆ ಸಿಕ್ಕಿ ಸತ್ತ. ಮತ್ತೆ ಸತ್ತ. ಕೀಬೋರ್ಡ್ ಮೇಲೆ ಹೊಡೆತ ಬೀಳ್ತಿತ್ತು. ಅದು ನನ್ನ ಕೀಬೋರ್ಡು, ಹೊರಗಿನಿಂದ ಹಾಕಿದ್ದು, ಆ ಸಂಕಟ ಬೇರೆ. "ಬಿಡೋ, ಊಟಕ್ಕೆ ಬಾ" ಅಂದೆ. "ಇರಿ ಮಾವ, ದರಿದ್ರ ಆಟ ಇದು, ಈ ಹೆಂಗಸಿನ ಒಂದು ಕೆಲಸ ಮುಗಿಸಿ ಬರ್ತೇನೆ" ಅಂದ. ಆ ಹೆಂಗಸು ಯಾರೋ ಬೀದಿಬದಿಯ ಪಾತ್ರ, ಮುಖ್ಯ ಕಥೆಗೆ ಸಂಬಂಧವೇ ಇಲ್ಲ. ಅನ್ನ ಆರಿತು, ಸಾರು ಆರಿತು, ನನ್ನ ಹೆಂಡತಿ ನನ್ನನ್ನೇ ಬೈದಳು.

ಮಾರನೇ ದಿನ ಹುಡುಗ ಹೊಸದಾಗಿ ಶುರು ಮಾಡಿದ್ದ. ಈ ಸಲ ಗುದ್ದೋ ಕೌಶಲಕ್ಕೆ ಒಂದು ಪಾಯಿಂಟೂ ಇಲ್ಲ. ಎಲ್ಲ ಮಾತಿಗೆ, ಬೀಗ ಒಡೆಯೋದಕ್ಕೆ ಸುರಿದಿದ್ದ. ಕಾವಲುಗಾರ ಬೆನ್ನು ತಿರುಗಿಸೋವರೆಗೆ ಕಾದು ಹಿಂದಿನಿಂದ ಕೆಡವೋದು, ಕದನ ಬಂದರೆ ಏಣಿ ಹತ್ತಿ ಓಡೋದು. ಹೀಗೆ ಆಟ ಮುಗಿಸಿದ. ಆಮೇಲೆ ಕೂತು ರಿವ್ಯೂ ಬರೆದ. ಏನು ಹಾಕಿದ ಹೇಳಿ? ಹೆಬ್ಬೆರಳು ಕೆಳಗೆ! "ಇಷ್ಟು ಆಡಿದೆಯಲ್ಲೋ" ಅಂದರೆ, "ಹೊಡೆದಾಟ ಸರಿ ಇಲ್ಲ ಮಾವ, ಸುಳ್ಳು ಹೇಳ್ಲಾ?" ಅಂದ. ಆ ಹೆಬ್ಬೆರಳು ಇವತ್ತಿಗೂ ಹಾಗೇ ಇದೆ.

ಈಗ ಚಾರ್ಟಿನಲ್ಲಿ ಅವನು ಎಲ್ಲಿ ಬೀಳ್ತಾನೆ? ಇಷ್ಟವಾಗದವರ ಪಟ್ಟಿಯಲ್ಲಿ. ಊಟ ಬಿಟ್ಟು ಆಡಿದವನು! ನನ್ನ ತಕರಾರು ಇಷ್ಟೇ: ಹೆಬ್ಬೆರಳು ನೋಡಬೇಡಿ, ಎಷ್ಟು ಗಂಟೆ ಆಡಿದ ನೋಡಿ, ಯಾವುದಕ್ಕೆ ಬೈದ ನೋಡಿ. ಸ್ಟೀಮ್ ಪ್ರತಿ ಅಭಿಪ್ರಾಯದ ಪಕ್ಕದಲ್ಲೇ ಆಡಿದ ಗಂಟೆ ತೋರಿಸುತ್ತೆ, ಯಾರೂ ಅತ್ತ ಕಣ್ಣು ಹಾಯಿಸಲ್ಲ.

ಯಕ್ಷಗಾನ ನೋಡಿದವರಿಗೆ ಇದು ಹೊಸದಲ್ಲ. ವೇಷ ಸಾಧಾರಣ, ಕುಣಿತ ಕೇಳಲೇಬೇಡಿ, ಆದರೂ ಅರ್ಥಗಾರಿಕೆಗೋಸ್ಕರ ಬೆಳಗಿನವರೆಗೆ ಕೂತಿರ್ತೇವೆ. ಎದ್ದು ಬರೋವಾಗ ಕುಣಿತವನ್ನ ಬೈತೇವೆ. ಡೆಕ್ಸ್ ಅಂಥದ್ದು. ಜನರನ್ನ ಹಿಡಿದು ಕೂರಿಸಿದ್ದು ಸೈಡ್ ಕ್ವೆಸ್ಟ್‌ಗಳು, ಅಂದರೆ ಮುಖ್ಯ ಕಥೆಯ ಹೊರಗಿನ ಸಣ್ಣ ಕೆಲಸಗಳು. ಮಾತುಗಳಿಗೆಲ್ಲ ನಟರ ಧ್ವನಿ ಕೊಡಿಸಿದ್ದಾರೆ, ಸಣ್ಣ ತಂಡಕ್ಕೆ ಅದು ಸಣ್ಣ ಖರ್ಚಲ್ಲ. ಒಂದೇ ಕೆಲಸವನ್ನ ಹೊಡೆದೋ, ಪುಸಲಾಯಿಸಿಯೋ, ಕದ್ದೋ ಮುಗಿಸಬಹುದು. ಅದಕ್ಕೇ ಡೇಯಸ್ ಎಕ್ಸ್ ಅನ್ನೋ ಹೆಸರಾಂತ ಆಟದ ಜೊತೆ ಹೋಲಿಸ್ತಾರೆ. ಹೋಲಿಸೋದು ಹೊಗಳಿಕೆಯೂ ಹೌದು, ಅನ್ಯಾಯವೂ ಹೌದು.

ಇನ್ನೊಂದು ವಿಷಯ, ಇದು ನನಗೆ ನಿಜಕ್ಕೂ ಸಿಟ್ಟು ತರಿಸೋದು. 2016ರ ಸೆಪ್ಟೆಂಬರಿನಲ್ಲಿ ಸ್ಟೀಮ್ ನಿಯಮ ಬದಲಾಯಿತು. ಬೇರೆ ಕಡೆಯಿಂದ ಬಂದ ಕೀ, ಅಂದರೆ ಆಟ ತೆರೆಯೋ ಕೋಡ್, ಹಾಕಿ ಆಟ ಪಡೆದವರ ಅಭಿಪ್ರಾಯ ಅಂಕಕ್ಕೆ ಸೇರಲ್ಲ ಅಂದರು. ಕಾರಣ ಇತ್ತು: ಕೆಲವು ತಯಾರಕರು ಪುಕ್ಕಟೆ ಕೀ ಹಂಚಿ ಹೊಗಳಿಕೆ ಬರೆಸಿಕೊಳ್ತಿದ್ದರು. ಒಪ್ಪೋಣ. ಆದರೆ ಕಿಕ್‌ಸ್ಟಾರ್ಟರ್‌ನಲ್ಲಿ ದುಡ್ಡು ಹಾಕಿದವರಿಗೆ ಆಟ ಸಿಗೋದೂ ಕೀ ರೂಪದಲ್ಲೇ! ಆಟ ಇನ್ನೂ ಹುಟ್ಟೋ ಮೊದಲೇ ಜೇಬಿನಿಂದ ಕೊಟ್ಟವನು ಬರೆದದ್ದನ್ನ ಓದಬಹುದು, ಎಣಿಸೋ ಹಾಗಿಲ್ಲ. ಡಿಸ್ಕೌಂಟಿನಲ್ಲಿ ಸ್ಟೀಮಲ್ಲೇ ಕೊಂಡು ಸ್ವಲ್ಪ ಹೊತ್ತು ಆಡಿ ಬಿಟ್ಟವನ ಹೆಬ್ಬೆರಳು ಲೆಕ್ಕಕ್ಕೆ ಇದೆ. ಇದಾ ಅಭಿಪ್ರಾಯ ಅಳೆಯೋ ರೀತಿ?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಐದು ನಿಮಿಷ ಅಂತ ಬರೆದು, ಐದನ್ನ ಹೊಡೆದು ಎರಡು ಮಾಡಿದ್ದಾರೆ.

ಸರಿ, ಬೇಗ ಹೇಳ್ತೇನೆ. 2014ರಲ್ಲಿ ಅರ್ಧ ಆಟ ಆಡಿ ಬರೆದದ್ದೂ ಅಲ್ಲೇ ಇದೆ, ಅರ್ಲಿ ಆಕ್ಸೆಸ್ ಅಂತ ಗುರುತು ಹೊತ್ತು. ಓದೋವಾಗ ತಾರೀಕು ನೋಡಿ. ಮುಖ್ಯ ಕಥೆ ಗಿಡ್ಡ, ಕೊನೆಗೆ ಅವಸರ ಆಯ್ತು ಅನ್ನೋ ದೂರು ಇದೆ, ನನಗೂ ಹಾಗೇ ಅನಿಸಿತು. 2016ರಲ್ಲಿ ಟಿವಿಗೆ ಜೋಡಿಸಿ ಆಡೋ ಕನ್ಸೋಲ್‌ಗೆ ಬಂತು, 2020ರಲ್ಲಿ ನಿಂಟೆಂಡೋ ಕಂಪನಿಯ ಸ್ವಿಚ್ ಅನ್ನೋ ಕನ್ಸೋಲ್‌ಗೆ. ಕಂಟ್ರೋಲರ್ ಹಿಡಿದು ಹ್ಯಾಕಿಂಗ್ ಮಾಡೋ ಬಗ್ಗೆ ಎರಡು ಪುಟ ಬರೆದಿದ್ದೆ, ಬಿಟ್ಟೆ. ಸಂಗೀತವೂ ಬಿಟ್ಟೆ.

ಇಲ್ಲಿ ಆಟ ತಯಾರಿಸೋ ಹುಡುಗರು ಹುಡುಗಿಯರು ಇದ್ದೀರಿ. ನಿಮ್ಮ ಆಟಕ್ಕೆ ಬಂದ ಅಭಿಪ್ರಾಯದಲ್ಲಿ ಗಂಟೆ ಜಾಸ್ತಿ ಇದ್ದು ಹೆಬ್ಬೆರಳು ಕೆಳಗಿರೋವನ್ನ ಮೊದಲು ಓದಿ. ಹತ್ತು ನಿಮಿಷ ಆಡಿ "ಸೂಪರ್" ಅಂದವನಿಗಿಂತ ಅವನ ಹತ್ತಿರ ಹೇಳೋಕೆ ಜಾಸ್ತಿ ಇದೆ. ಪ್ರಶ್ನೆ ಇದ್ದರೆ ಕೇಳಿ. ಕಥೆಯ ಕೊನೆ ಏನಾಗುತ್ತೆ ಅಂತ ಮಾತ್ರ ಕೇಳಬೇಡಿ, ಆಡದೇ ಇರೋರು ಇಲ್ಲಿ ತುಂಬ ಜನ ಇದ್ದಾರೆ.